ಸೋಲುವ ಹಕ್ಕು ಯಾರಿಗಿದೆ?

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಾದ ನಮಗೆ ಮಂಜುಗಡ್ಡೆಯೆಂದರೆ ಐಸ್‌ಕ್ಯಾಂಡಿಯ ಡಬ್ಬ, ಮೀನಿನ ಪೆಟ್ಟಿಗೆ, ಮದುವೆಮನೆಯ ಶರಬತ್ತು. ಬೇಸಿಗೆಯಲ್ಲಿ ಅಂಗಡಿಯಿಂದ ಮನೆ ಸೇರುವಷ್ಟರಲ್ಲಿ ಅರ್ಧ ನೀರಾಗಿರುವ ಆ ವಸ್ತುವಿನ ಮೇಲೆ ಮನುಷ್ಯರು ಓಡಾಡುತ್ತಾರೆ, ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಹಾಕಿ ಆಡುತ್ತಾರೆ, ಅದರಲ್ಲಿ ದೇಶದೇಶಗಳ ನಡುವೆ ಪಂದ್ಯಾವಳಿಗಳು ನಡೆಯುತ್ತವೆ ಎಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಾರೆ. ಆದರೂ ಐಸ್ ಹಾಕಿಯ ಒಂದು ಪಂದ್ಯ ನಮ್ಮೆಲ್ಲರ ಮನೆಯ ಟಿವಿಯವರೆಗೆ ವೇಷ ಮರೆಸಿಕೊಂಡು ಬಂದಿದೆ. ಅದು ಬಂದದ್ದು 'ಚಕ್ ದೇ ಇಂಡಿಯಾ' ಎಂಬ ಹಿಂದಿ ಚಿತ್ರದ ರೂಪದಲ್ಲಿ.

2007ರ ಆಗಸ್ಟ್ 10ರಂದು ತೆರೆಕಂಡ ಈ ಚಿತ್ರದ ನಿರ್ದೇಶಕರು ಶಿಮಿತ್ ಅಮೀನ್, ಬರೆದವರು ಜೈದೀಪ್ ಸಾಹ್ನಿ. ಕಬೀರ್ ಖಾನ್ ಆಗಿ ನಟಿಸಿದವರು ಶಾರುಖ್ ಖಾನ್. ಅದರ ಶೀರ್ಷಿಕೆ ಗೀತೆ ಕ್ರಿಕೆಟ್ ಮೈದಾನಗಳಿಂದ ಶಾಲಾ ವಾರ್ಷಿಕೋತ್ಸವಗಳವರೆಗೆ ಹಬ್ಬಿ, ಈಗ ಗೆಲುವಿನ ಅಧಿಕೃತ ಹಾಡೇ ಆಗಿಹೋಗಿದೆ. ಇಷ್ಟು ಜನಪ್ರಿಯವಾದ ಚಿತ್ರವನ್ನು ಮತ್ತೊಮ್ಮೆ ನಿಧಾನವಾಗಿ ನೋಡಬೇಕು. ಮುಸ್ಲಿಮನೊಬ್ಬನ ಗಾಯವನ್ನು ಅದು ಪ್ರಾಮಾಣಿಕವಾಗಿ ಮುಟ್ಟುತ್ತದೆ. ಆದರೆ ಆ ಗಾಯಕ್ಕೆ ಅದು ಹಚ್ಚುವ ಮುಲಾಮು ನಮಗೆ ಸಮಾಧಾನ ಕೊಡುವುದಿಲ್ಲ.

ಮೊದಲು ಆ ಮಂಜಿನ ಪಂದ್ಯದ ಕಥೆ. 1980ರ ಫೆಬ್ರುವರಿ 22ರಂದು ಅಮೆರಿಕದ ಲೇಕ್ ಪ್ಲಾಸಿಡ್ ಎಂಬ ಸಣ್ಣ ಊರಿನಲ್ಲಿ, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಅಮೆರಿಕದ ಐಸ್ ಹಾಕಿ ತಂಡ ಸೋವಿಯತ್ ಒಕ್ಕೂಟವನ್ನು 4-3ರಿಂದ ಸೋಲಿಸಿತು. ಸೋವಿಯತ್ ತಂಡ ಅದಕ್ಕೆ ಮುಂಚಿನ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಚಿನ್ನ ಗೆದ್ದಿತ್ತು. ಅಮೆರಿಕದ ಕಡೆ ಆಡಿದವರು ಬಹುಪಾಲು ಕಾಲೇಜು ಹುಡುಗರು. ಕೆಲವೇ ದಿನಗಳ ಹಿಂದೆ ಅದೇ ಸೋವಿಯತ್ ತಂಡ ಅವರನ್ನು 10-3ರಿಂದ ಮಣ್ಣುಮುಕ್ಕಿಸಿತ್ತು. ಶೀತಲ ಸಮರದ ದಿನಗಳವು. ಆಟದ ಗೆಲುವು ದೇಶದ ಗೆಲುವಾಯಿತು, ವ್ಯವಸ್ಥೆಯ ಗೆಲುವಾಯಿತು. ಮುಂದೆ ಫಿನ್ಲೆಂಡನ್ನೂ ಸೋಲಿಸಿ ಅವರು ಚಿನ್ನ ಪಡೆದರು. ಈ ಕಥೆಯನ್ನು ಹಾಲಿವುಡ್ 2004ರಲ್ಲಿ 'ಮಿರಾಕಲ್' ಎಂಬ ಚಿತ್ರವಾಗಿ ತೆಗೆಯಿತು.

ಎರಡೂ ಚಿತ್ರಗಳನ್ನು ನೋಡಿದವರಿಗೆ ಸಂಬಂಧ ತಟ್ಟನೆ ಹೊಳೆಯುತ್ತದೆ. 'ಮಿರಾಕಲ್'ನಲ್ಲಿ ತರಬೇತುದಾರ ಹರ್ಬ್ ಬ್ರೂಕ್ಸ್ ಹುಡುಗರನ್ನು ಯಾರ ಪರ ಆಡುತ್ತೀಯ ಎಂದು ಕೇಳುತ್ತಾನೆ. ಅವರು ತಮ್ಮ ತಮ್ಮ ಕಾಲೇಜಿನ ಹೆಸರು ಹೇಳುತ್ತಾರೆ. ಮೈ ಮುರಿಯುವ ಓಟದ ಕೊನೆಗೆ ಒಬ್ಬ ದೇಶದ ಹೆಸರು ಹೇಳಿದಾಗ ಬ್ರೂಕ್ಸ್‌ಗೆ ತೃಪ್ತಿ. 'ಚಕ್ ದೇ'ಯಲ್ಲಿ ಹುಡುಗಿಯರು ತಮ್ಮ ಹೆಸರಿನ ಜೊತೆ ರಾಜ್ಯದ ಹೆಸರು ಹೇಳುತ್ತಾರೆ. ಕಬೀರ್ ಅವರನ್ನು ಬದಿಗೆ ಸರಿಸುತ್ತಾ ಹೋಗುತ್ತಾನೆ, ಒಬ್ಬಳು 'ಇಂಡಿಯಾ' ಎನ್ನುವವರೆಗೆ. ಒರಟು ತರಬೇತುದಾರ, ಒಡೆದ ತಂಡ, ಬಲಾಢ್ಯ ಎದುರಾಳಿ, ಕೊನೆಯ ಕ್ಷಣದ ಜಯ: ಅಸ್ಥಿಪಂಜರ ಒಂದೇ. ಇದನ್ನು ನಾವು ಕಳ್ಳತನವೆಂದು ಹೇಳುತ್ತಿಲ್ಲ. ಕಥೆಗಳು ಊರೂರು ಅಲೆದು ಬೇರೆ ಬಟ್ಟೆ ತೊಡುವುದು ಹೊಸದೇನಲ್ಲ. ಬಟ್ಟೆ ಬದಲಾದಾಗ ಕಥೆಯಲ್ಲಿ ಏನು ಬದಲಾಯಿತೆಂಬುದನ್ನು ವಿಮರ್ಶೆ ಗಮನಿಸಬೇಕು.

ಬದಲಾದದ್ದು ತರಬೇತುದಾರನ ಗಾಯ. ಹರ್ಬ್ ಬ್ರೂಕ್ಸ್‌ಗೂ ಒಂದು ನೋವಿತ್ತು. 1960ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಿಂದ ಅವರನ್ನು ಕೊನೆಯ ಗಳಿಗೆಯಲ್ಲಿ ಕೈಬಿಡಲಾಗಿತ್ತು. ಅದು ಅವಕಾಶ ತಪ್ಪಿದವನ ಕೊರಗು. ಕಬೀರ್ ಖಾನ್‌ನದು ಬೇರೆ. ದಿಲ್ಲಿಯಲ್ಲಿ ಪಾಕಿಸ್ತಾನದ ವಿರುದ್ಧ ವಿಶ್ವಕಪ್ ಫೈನಲ್‌ನಲ್ಲಿ ನಾಯಕನಾಗಿ ಅವನು ಪೆನಾಲ್ಟಿ ಸ್ಟ್ರೋಕ್ ತಪ್ಪುತ್ತಾನೆ. ಪಂದ್ಯದ ನಂತರ ಎದುರಾಳಿಯ ಕೈಕುಲುಕುತ್ತಾನೆ. ಆ ಫೋಟೋ ಸಾಕಾಗುತ್ತದೆ. ಮನೆಯ ಗೋಡೆಯ ಮೇಲೆ 'ಗದ್ದಾರ್' ಎಂಬ ಬರಹ ಬೀಳುತ್ತದೆ. ತಾಯಿಯನ್ನು ಕರೆದುಕೊಂಡು ಅವನು ಹುಟ್ಟಿದ ಮನೆ ಬಿಡುತ್ತಾನೆ. ಬ್ರೂಕ್ಸ್‌ರ ಆಟದ ಬಗ್ಗೆ ಯಾರಿಗಾದರೂ ಅನುಮಾನವಿದ್ದೀತು, ದೇಶಪ್ರೇಮದ ಬಗ್ಗೆ ಇರಲಿಲ್ಲ. ಕಬೀರ್‌ನ ಆಟದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಆ ಲೇಕ್ ಪ್ಲಾಸಿಡ್‌ನಲ್ಲೇ ಸೋತವರ ಕಡೆಯ ಒಂದು ಸಂಗತಿಯಿದೆ. ಸೋವಿಯತ್ ತಂಡದ ಗೋಲಿ ವ್ಲಾದಿಸ್ಲಾವ್ ತ್ರೆತಿಯಾಕ್ ಜಗತ್ತಿನ ಶ್ರೇಷ್ಠರಲ್ಲಿ ಒಬ್ಬರು. ಮೊದಲ ಅವಧಿ ಮುಗಿಯುತ್ತಲೇ ತರಬೇತುದಾರ ಅವರನ್ನು ಹೊರಗೆ ಕೂರಿಸಿದರು. ಶೀತಲ ಸಮರದ ನಡುವೆ, ಶತ್ರುವಿನ ನೆಲದಲ್ಲಿ ಆದ ಸೋಲು ಅದು. ಆದರೂ 1984ರಲ್ಲಿ ಸರಯೇವೊದಲ್ಲಿ ಅದೇ ತ್ರೆತಿಯಾಕ್ ಅದೇ ದೇಶಕ್ಕಾಗಿ ಗೋಲಿನ ಮುಂದೆ ನಿಂತು ಚಿನ್ನ ಗೆದ್ದರು. ಸೋತ ಆಟಗಾರನಿಗೆ ಮತ್ತೆ ಆಡುವ ಅವಕಾಶ ಉಳಿದಿತ್ತು.

ನಮ್ಮಲ್ಲಿ 1982ರ ಡಿಸೆಂಬರ್‌ನಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತ 1-7ರಿಂದ ಸೋತಿತು. ಗೋಲ್‌ಕೀಪರ್ ಮೀರ್ ರಂಜನ್ ನೇಗಿ. ಅವರು ದುಡ್ಡು ತಿಂದಿದ್ದಾರೆಂದು ಗಾಳಿಮಾತು ಹಬ್ಬಿತು. ಹೆಸರಿನಲ್ಲಿದ್ದ 'ಮೀರ್' ಕಂಡು ಅವರನ್ನು ಮುಸ್ಲಿಮರೆಂದು ತಿಳಿದವರೂ ಇದ್ದರು. ನೇಗಿ ಹಿಂದೂ. ಮುಂದೆ 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಮಹಿಳಾ ತಂಡದ ತರಬೇತಿಯಲ್ಲಿ ಅವರ ಪಾಲಿತ್ತು. 'ಚಕ್ ದೇ'ಯ ನಟಿಯರಿಗೆ ಹಾಕಿ ಕಲಿಸಿದವರೂ ಅವರೇ. ಚಿತ್ರ ಅವರ ಜೀವನಚರಿತ್ರೆಯೇನಲ್ಲ. ಆದರೂ ಒಂದು ಮಾತು ಮನಸ್ಸಿಗೆ ಬರುತ್ತದೆ. ಹಿಂದೂ ಆಟಗಾರನನ್ನು ದ್ರೋಹಿಯೆಂದು ನಂಬಲು ಜನರಿಗೆ ಅವನ ಹೆಸರಿನಲ್ಲೊಂದು ಮುಸ್ಲಿಂ ಚೂರು ನೆರವಾಗುತ್ತದೆಂದರೆ, ಪೂರ್ತಿ ಹೆಸರೇ ಮುಸ್ಲಿಮನದಾದರೆ ಏನಾದೀತು? ಸಾಹ್ನಿ ಬರೆದ ಕಬೀರ್ ಖಾನ್ ಪಾತ್ರ ಈ ಪ್ರಶ್ನೆಗೆ ಎದುರಾಗಿ ನಿಲ್ಲುತ್ತದೆ. ವ್ಯಾಪಾರಿ ಸಿನಿಮಾದಲ್ಲಿ ಅದಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ಮೆಚ್ಚಲೇಬೇಕು.

ಭಾರತ-ಪಾಕಿಸ್ತಾನ ಪಂದ್ಯದ ದಿನ ಸಣ್ಣ ಊರಿನ ಮೊಹಲ್ಲಾ ಹೇಗಿರುತ್ತದೆಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ. ಹುಡುಗರು ಭಾರತದ ಪ್ರತಿ ಬೌಂಡರಿಗೆ ಕುಣಿಯುತ್ತಿರುತ್ತಾರೆ. ಪಂದ್ಯ ಬಿಗಿಯಾಗುತ್ತಿದ್ದಂತೆ ಹಿರಿಯರು 'ಬಾಹರ್ ನಕ್ಕೊ ಜಾವೊ ಬೇಟಾ' ಎಂದು ಬಾಗಿಲು ಮುಂದೂಡುತ್ತಾರೆ. ಎಲ್ಲೋ ಯಾರೋ ಪಟಾಕಿ ಹೊಡೆದರೆ, ಅದು ಯಾವ ಬೀದಿಯಿಂದ ಬಂತೆಂದು ಲೆಕ್ಕ ಹಾಕುವವರು ಇರುತ್ತಾರೆ. ಗೆದ್ದರೆ ಸಂತೋಷ ಸಾಕಷ್ಟು ಕಾಣಿಸಲಿಲ್ಲ ಎಂಬ ಮಾತು, ಸೋತರೆ ದುಃಖ ಸಾಕಷ್ಟು ಕಾಣಿಸಲಿಲ್ಲ ಎಂಬ ಮಾತು. ಗೋಡೆಯ ಮೇಲಿನ ಆ ಬರಹದ ದೃಶ್ಯ ನಮ್ಮವರ ಕಣ್ಣಲ್ಲಿ ನೀರು ತರಿಸಿದ್ದು ಇದಕ್ಕೇ.

ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ. ಕಬೀರ್ ನಿರಪರಾಧಿಯೆಂದು ಚಿತ್ರ ಹೇಗೆ ತೀರ್ಮಾನಿಸುತ್ತದೆ? ಅವನ ತಂಡ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವಕಪ್ ಗೆಲ್ಲುತ್ತದೆ. ಕೊನೆಯ ಸ್ಟ್ರೋಕನ್ನು ಗೋಲಿ ವಿದ್ಯಾ ಶರ್ಮಾ ತಡೆಯುತ್ತಾಳೆ. ಆನಂತರವಷ್ಟೇ ಅವನು ತಾಯಿಯೊಂದಿಗೆ ಹಳೆಯ ಮನೆಗೆ ಮರಳಬಲ್ಲ, ಬೀದಿಯವರು ಅವನನ್ನು ಬರಮಾಡಿಕೊಳ್ಳಬಲ್ಲರು. ಹಾಗಾದರೆ ಆ ಕೊನೆಯ ಸ್ಟ್ರೋಕ್ ವಿದ್ಯಾಳ ಪಕ್ಕದಿಂದ ನುಸುಳಿ ಗೋಲಾಗಿದ್ದರೆ? ಕಬೀರ್ ಅಷ್ಟೇ ಪ್ರಾಮಾಣಿಕ, ಅಷ್ಟೇ ಕಷ್ಟಪಟ್ಟವನು. ಆದರೆ ಗೋಡೆಯ ಬರಹ ಹಾಗೇ ಉಳಿಯುತ್ತಿತ್ತು. ಆರೋಪ ಹೊರಿಸಿದವರು ಏನನ್ನೂ ಸಾಬೀತುಪಡಿಸಬೇಕಿಲ್ಲ, ಆರೋಪ ಹೊತ್ತವನು ಮಾತ್ರ ವಿಶ್ವಕಪ್ ತಂದು ತೋರಿಸಬೇಕು. ಬೀದಿಯವರು ಕ್ಷಮೆ ಕೇಳುವ ದೃಶ್ಯವೊಂದನ್ನು ಬರೆಯುವುದು ಕಪ್ ಗೆಲ್ಲಿಸುವುದಕ್ಕಿಂತ ಕಷ್ಟದ ಕೆಲಸವೆಂದು ಕಥೆ ಬರೆಯುವ ನಮಗೆ ಗೊತ್ತು. ಸಾಹ್ನಿ ಸುಲಭದ ದಾರಿ ಹಿಡಿದರು. ತಂಡದಲ್ಲಿ ಗುಲ್ ಇಕ್ಬಾಲ್ ಎಂಬ ಹುಡುಗಿಯೂ ಇದ್ದಾಳೆ. ಅವಳ ಕಡೆ ಚಿತ್ರ ಹೆಚ್ಚು ತಿರುಗಿ ನೋಡುವುದೇ ಇಲ್ಲ.

ಇದಕ್ಕೆ ಬೇರೆ ದಾರಿಯಿತ್ತು ಎನ್ನಲು 2005ರ 'ಇಕ್ಬಾಲ್' ಚಿತ್ರವೇ ಸಾಕ್ಷಿ. ನಾಗೇಶ್ ಕುಕನೂರ್ ಅವರ ಆ ಚಿತ್ರದ ನಾಯಕ ಕಿವುಡ, ಮೂಗ, ಹಳ್ಳಿಯ ಮುಸ್ಲಿಂ ಹುಡುಗ. ಬೌಲರ್ ಆಗಬೇಕೆಂಬುದು ಅವನ ಕನಸು. ಅವನ ಅಡ್ಡಿಗಳು ಬಡತನ, ಅಪ್ಪನ ವಿರೋಧ, ಆಯ್ಕೆದಾರರ ರಾಜಕೀಯ. ಅವನ ನಿಷ್ಠೆಯನ್ನು ಯಾರೂ ಪರೀಕ್ಷೆಗೆ ಒಡ್ಡುವುದಿಲ್ಲ. ಅವನು ಮುಸ್ಲಿಮನೆಂಬುದು ಅವನು ಹಳ್ಳಿಯವನೆಂಬಷ್ಟೇ ಸಹಜ. ಕಲೆಯಾಗಿ 'ಚಕ್ ದೇ' ಹೆಚ್ಚು ಬಿಗಿಯಾದ ಚಿತ್ರವಿರಬಹುದು, ಆದರೆ ಮನುಷ್ಯನನ್ನು ಮನುಷ್ಯನಾಗಿ ನೋಡುವುದರಲ್ಲಿ 'ಇಕ್ಬಾಲ್' ಒಂದು ಹೆಜ್ಜೆ ಮುಂದಿದೆ.

ಸಿನಿಮಾದ ಆಚೆಗೂ ಇದೇ ಲೆಕ್ಕಾಚಾರ ನಡೆಯುತ್ತದೆ. 1975ರ ಕ್ವಾಲಾಲಂಪುರ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಎದುರು ಭಾರತ 1-2ರಿಂದ ಹಿಂದಿತ್ತು. 65ನೇ ನಿಮಿಷದಲ್ಲಿ ಬದಲಿ ಆಟಗಾರ ಭೋಪಾಲದ ಅಸ್ಲಂ ಶೇರ್ ಖಾನ್ ಕೊರಳ ತಾಯತಕ್ಕೆ ಮುತ್ತಿಟ್ಟು ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದರು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಕೂಡ ಇದ್ದ ಆ ತಂಡ ಮುಂದೆ ಫೈನಲ್‌ನಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿತು. ಆ ತಾಯತದ ಕಥೆಯನ್ನು ಎಲ್ಲರೂ ಪ್ರೀತಿಯಿಂದ ಹೇಳುತ್ತಾರೆ. ಚೆಂಡು ಗೋಲಿಗೆ ಹೋಗಿದ್ದರಿಂದ ಹೇಳುತ್ತಾರೆ. ಹೊರಗೆ ಹೋಗಿದ್ದರೆ ಅದೇ ತಾಯತದ ಬಗ್ಗೆ ಯಾವ ಕಥೆ ಹುಟ್ಟುತ್ತಿತ್ತು?

2021ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ಪಾಕಿಸ್ತಾನದ ಎದುರು ಭಾರತ ಟಿ20 ವಿಶ್ವಕಪ್ ಪಂದ್ಯ ಸೋತಾಗ, ಹನ್ನೊಂದು ಮಂದಿಯಲ್ಲಿ ಮೊಹಮ್ಮದ್ ಶಮಿ ಒಬ್ಬರನ್ನೇ ಹೆಕ್ಕಿ ಧರ್ಮದ ಹೆಸರಿನಲ್ಲಿ ಬೈದರು. ನಾಯಕ ವಿರಾಟ್ ಕೊಹ್ಲಿ ಅದನ್ನು ಬಹಿರಂಗವಾಗಿ ಖಂಡಿಸಿದ್ದು ದೊಡ್ಡ ಮಾತು. 2023ರ ವಿಶ್ವಕಪ್‌ನಲ್ಲಿ ಶಮಿ 24 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದಾಗ ದೇಶವೇ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಆದರೆ 24 ವಿಕೆಟ್ ಬಿದ್ದ ಮೇಲೆ ಬಂದ ಚಪ್ಪಾಳೆಯಿಂದ 2021ರ ಬೈಗುಳ ಅಳಿಸಿಹೋಗುವುದಿಲ್ಲ.

ಇದು ಮುಸ್ಲಿಮರೊಬ್ಬರ ದೂರು ಎಂದೂ ತಿಳಿಯಬೇಕಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಎದುರು ಮೂರು ಗೋಲು ಹೊಡೆದರು. ಕೆಲವೇ ದಿನಗಳಲ್ಲಿ, 2021ರ ಆಗಸ್ಟ್ 4ರಂದು, ಮಹಿಳಾ ಹಾಕಿ ತಂಡ ಅರ್ಜೆಂಟೀನಾದ ಎದುರು ಸೆಮಿಫೈನಲ್ ಸೋತಿತು. ಹರಿದ್ವಾರದ ಬಳಿಯ ರೋಶ್ನಾಬಾದಿನಲ್ಲಿ ಅವರ ಮನೆಯ ಮುಂದೆ ಮೇಲ್ಜಾತಿಯ ಕೆಲವರು ಪಟಾಕಿ ಸಿಡಿಸಿ, ಜಾತಿಯ ಹೆಸರೆತ್ತಿ ಹೀಯಾಳಿಸಿದರೆಂದು ಕುಟುಂಬ ದೂರು ಕೊಟ್ಟಿತು. ದೇಶ ಸೋತದ್ದಕ್ಕೆ ಪಟಾಕಿ! ಈ ದೇಶದಲ್ಲಿ ಸೋಲು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಕೆಲವರು ಸೋತರೆ ಅದು ಆಟದ ಸೋಲು, ಮತ್ತೆ ಕೆಲವರು ಸೋತರೆ ಅವರ ಜಾತಿ, ಧರ್ಮಗಳ ಅಪರಾಧ.

ಈಗ ಮತ್ತೆ ಮಂಜುಗಡ್ಡೆಗೆ ಬರೋಣ. ಭಾರತಕ್ಕೂ ಒಂದು ಮಹಿಳಾ ಐಸ್ ಹಾಕಿ ತಂಡವಿದೆ. ಆಟಗಾರ್ತಿಯರಲ್ಲಿ ಹೆಚ್ಚಿನವರು ಲಡಾಖಿನವರು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುವ ಎರಡು ಮೂರು ತಿಂಗಳೇ ಅವರ ಮುಖ್ಯ ಅಭ್ಯಾಸದ ಕಾಲ. 2016ರಲ್ಲಿ ತೈಪೆಯ ಏಷ್ಯಾ ಚಾಲೆಂಜ್ ಕಪ್‌ನಲ್ಲಿ ಮೊದಲ ಸಲ ಆಡಿದಾಗ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಜಯ ಕಂಡರು. 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದರು. ಆ ತಂಡದ ಗೋಲಿಯಾಗಿ ಆಡಿದ ನೂರ್ ಜಹಾನ್ ಲೇಹ್‌ನ ಮುಸ್ಲಿಂ ಹೆಣ್ಣುಮಗಳು. ಅವರ ವೃತ್ತಿ ಬೌದ್ಧರ ಹಳೆಯ ಥಂಕಾ ಚಿತ್ರಗಳನ್ನೂ ಗೋಡೆಚಿತ್ರಗಳನ್ನೂ ಹಾಳಾಗದಂತೆ ಸಂರಕ್ಷಿಸುವುದು. ದೇಶದ ಗೋಲನ್ನು ಕಾಯುತ್ತಾರೆ, ನೆರೆಯವರ ದೇವರ ಚಿತ್ರವನ್ನೂ ಕಾಯುತ್ತಾರೆ. ಇದು ಯಾವ ಸಾಬೀತಿಗೂ ಅಲ್ಲ, ಅವರ ಬದುಕು ಹಾಗಿದೆ ಅಷ್ಟೇ. ತೈಪೆಯಿಂದ ಸೋತು ಬಂದ ಈ ತಂಡ ಮರುವರ್ಷ ಮತ್ತೆ ಆಡಿತು. ಯಾರೂ ಹೆಚ್ಚಾಗಿ ನೋಡದ ಆಟವಾದ್ದರಿಂದ ಆ ಸೋಲಿನ ಮೇಲೆ ಯಾರ ಕಣ್ಣೂ ಬೀಳಲಿಲ್ಲ ಎಂಬುದೂ ನಿಜ. ಎಲ್ಲರೂ ನೋಡುವ ಆಟದಲ್ಲೂ ಅಂಥ ಸೋಲು ಸಿಗಬೇಕು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರು ಎಂಬುದು ಅವುಗಳಲ್ಲಿರುವ ಒಂದು ಮಾತಿನ ಸಾರ. ನಮ್ಮ ಸೀಮೆಯ ಕಲ್ಲು ಗೆಲುವನ್ನು ಕೇಳುವುದಿಲ್ಲ, ಪ್ರಯತ್ನವನ್ನು ಕೇಳುತ್ತದೆ. ಮೊಳಕಾಲ್ಮುರಿನ ಮಗ್ಗದಲ್ಲೂ ಅಷ್ಟೇ. ರೇಷ್ಮೆಯ ಎಳೆ ಕಡಿದರೆ ನೇಕಾರರು ಗಂಟು ಹಾಕಿ ಮುಂದುವರಿಯುತ್ತಾರೆ. ಕಡಿದ ಎಳೆಗಾಗಿ ನೇಕಾರನ ಜಾತಕ ಜಾಲಾಡುವುದಿಲ್ಲ.

'ಚಕ್ ದೇ ಇಂಡಿಯಾ' ಒಳ್ಳೆಯ ಚಿತ್ರ. ಅದನ್ನು ಮಕ್ಕಳಿಗೆ ತೋರಿಸೋಣ, ಹಾಡಿಗೆ ಕುಣಿಯಲೂ ಬಿಡೋಣ. ಆದರೆ ನಮಗೆ ಬೇಕಾದ ಚಿತ್ರ ಇನ್ನೂ ಬರಬೇಕಾಗಿದೆ. ಅದರಲ್ಲಿ ಕಬೀರ್ ಖಾನ್ ಸ್ಟ್ರೋಕ್ ತಪ್ಪುತ್ತಾನೆ, ದೇಶ ಸೋಲುತ್ತದೆ, ಅವನು ತಲೆತಗ್ಗಿಸಿ ಊರಿಗೆ ಬರುತ್ತಾನೆ. ಬೀದಿಯವರು ಅವನ ಹೆಗಲ ಮೇಲೆ ಕೈಯಿಟ್ಟು, ಮುಂದಿನ ಸಲ ಎಡಕ್ಕೆ ಹೊಡಿ ಎಂದು ಹೇಳಿ, ಚಹಾ ಕುಡಿಸಿ ಮನೆಗೆ ಕಳಿಸುತ್ತಾರೆ.