ದ್ರೋಣನ ಆದರ್ಶ ಮತ್ತು ಹೊಸ ತರಬೇತುದಾರನ ಶಿಕ್ಷಣ

ಕ್ರೀಡಾ ತರಬೇತುದಾರರನ್ನು ಗೌರವಿಸಲು ಭಾರತ ಸರ್ಕಾರವು 1985ರಲ್ಲಿ ಸ್ಥಾಪಿಸಿದ ಪ್ರಶಸ್ತಿಗೆ ದ್ರೋಣಾಚಾರ್ಯನ ಹೆಸರನ್ನಿಟ್ಟಿತು. ಮೊದಲ ವರ್ಷ ಅದನ್ನು ಪಡೆದವರು ಕುಸ್ತಿಯ ಭಾಲಚಂದ್ರ ಭಾಸ್ಕರ ಭಾಗವತ್, ಬಾಕ್ಸಿಂಗಿನ ಓಂ ಪ್ರಕಾಶ್ ಭಾರದ್ವಾಜ್ ಮತ್ತು ಪಿ. ಟಿ. ಉಷಾ ಅವರನ್ನು ತಿದ್ದಿ ಬೆಳೆಸಿದ ಓ. ಎಂ. ನಂಬಿಯಾರ್. ಈ ಮಹನೀಯರ ಯೋಗ್ಯತೆಯ ವಿಷಯದಲ್ಲಿ ಯಾರಿಗೂ ಸಂದೇಹವಿರಲಾರದು. ನಮ್ಮ ಸಂದೇಹವು ಪ್ರಶಸ್ತಿಯ ಹೆಸರಿಗೂ ಆ ಹೆಸರಿನ ಹಿಂದಿರುವ ಕಲ್ಪನೆಗೂ ಸಂಬಂಧಿಸಿದುದು. ವಿದ್ಯೆಯುಳ್ಳವನು ತಾನಾಗಿಯೇ ಗುರುವಾಗುತ್ತಾನೆ, ಶಿಷ್ಯನ ಗೆಲುವೇ ಗುರುವಿನ ಯೋಗ್ಯತೆಗೆ ಸಾಕಾದ ಪ್ರಮಾಣ ಎಂಬುದೇ ಆ ಕಲ್ಪನೆ. ಹೊಸದಾಗಿ ವೃತ್ತಿಗೆ ಬರುವ ತರಬೇತುದಾರನ ಮಟ್ಟಿಗೆ ಇದು ಎಷ್ಟು ಅಪೂರ್ಣವಾದುದೆಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಚರಿತ್ರೆಯ ಅಧ್ಯಾಪಕರಾದ ನಮಗೆ ಆಟದ ಬಯಲಿನ ಚಿಂತೆಯೇಕೆಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕ್ರೀಡಾಸಮಿತಿಯ ಹೊಣೆ ನಮ್ಮ ಮೇಲಿತ್ತು. ಅಂತರ ಕಾಲೇಜು ಪಂದ್ಯಗಳಲ್ಲಿ ರಿಲೇ ಓಟದ ಮೂರನೆಯ ಹುಡುಗಿಯ ಕೈಯಿಂದ ಬೇಟನ್ ಜಾರಿಬಿತ್ತು. ಆಗತಾನೆ ಕೆಲಸಕ್ಕೆ ಸೇರಿದ್ದ ತರಬೇತುದಾರನು ಎಲ್ಲರೆದುರಿಗೆ ಅವಳನ್ನು ಕಟುವಾಗಿ ಬೈದನು. ಆತನು ದುಷ್ಟನಲ್ಲ, ತನ್ನ ಶಾಸ್ತ್ರವನ್ನು ಚೆನ್ನಾಗಿ ಬಲ್ಲವನು, ಬೆಳಗಿನ ಐದೂವರೆಗೇ ಮೈದಾನದಲ್ಲಿರುತ್ತಿದ್ದವನು. ಹುಡುಗಿ ಮರುದಿನದಿಂದ ಅಭ್ಯಾಸಕ್ಕೆ ಬರಲಿಲ್ಲ. ಸೋತ ಓಟಗಾರ್ತಿಯೊಡನೆ ಹೇಗೆ ಮಾತನಾಡಬೇಕೆಂಬುದನ್ನು ಆತನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಂದು ಜೊತೆಯಲ್ಲಿದ್ದ ನಾವೂ ಹೇಳಲಿಲ್ಲ. ವಾರ್ಷಿಕ ವರದಿಯಲ್ಲಿ "ರಿಲೇ: ಬಹುಮಾನವಿಲ್ಲ" ಎಂದಷ್ಟೇ ಬರೆದೆವು.

ಮಾತಿನ ಹದ, ಕೇಳುವ ತಾಳ್ಮೆ, ಸೋತವರನ್ನು ಸಂತೈಸುವ ಬಗೆ, ತಂದೆತಾಯಿಗಳೊಡನೆ ವ್ಯವಹರಿಸುವ ರೀತಿ, ತನ್ನ ಕೋಪವನ್ನು ತಾನೇ ಗುರುತಿಸಿಕೊಳ್ಳುವ ಶಕ್ತಿ—ಇವನ್ನು ಇಂದು ಮೃದುಕೌಶಲಗಳೆಂದು ಕರೆಯುವುದು ರೂಢಿಯಾಗಿದೆ. 1961ರಲ್ಲಿ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾಸಂಸ್ಥೆಯು ತರಬೇತುದಾರರಿಗೆ ಕ್ರಮಬದ್ಧವಾದ ಶಿಕ್ಷಣವನ್ನು ನೀಡಿ ದೇಶಕ್ಕೆ ದೊಡ್ಡ ಉಪಕಾರ ಮಾಡಿದೆ. ದೇಹಶಾಸ್ತ್ರವನ್ನೂ ಅಭ್ಯಾಸಕ್ರಮವನ್ನೂ ಮನಶ್ಶಾಸ್ತ್ರದ ತತ್ತ್ವಗಳನ್ನೂ ತರಗತಿಯಲ್ಲಿ ಕಲಿಯಬಹುದು. ಆದರೆ ಅಳುತ್ತಿರುವ ಹುಡುಗಿಯ ಮುಂದೆ ನಿಂತ ಕ್ಷಣದಲ್ಲಿ ಏನು ಮಾಡಬೇಕೆಂಬುದು ಹಿರಿಯರ ಪಕ್ಕದಲ್ಲಿ ನಿಂತು, ಅವರು ಮಾಡುವುದನ್ನು ಕಂಡು, ತಾನು ಮಾಡಿದ್ದನ್ನು ಅವರಿಂದ ತಿದ್ದಿಸಿಕೊಂಡು ಬರಬೇಕಾದ ವಿದ್ಯೆ.

ಈ ದೃಷ್ಟಿಯಿಂದ ದ್ರೋಣನ ಕಥೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಉಚಿತ. ಮಹಾಭಾರತದ ಆದಿಪರ್ವದಲ್ಲಿ ಅವನು ಹಸ್ತಿನಾಪುರಕ್ಕೆ ಬರುವಾಗ ಧನುರ್ವಿದ್ಯೆಯಲ್ಲಿ ಅದ್ವಿತೀಯನು. ಪರಶುರಾಮನಿಂದ ಅಸ್ತ್ರಗಳನ್ನು ಪಡೆದವನು. ಆದರೆ ರಾಜಕುಮಾರರಿಗೆ ಅಧ್ಯಾಪಕನಾಗಿ ಅವನು ಹೊಸಬನು. ಬಾಲ್ಯದ ಗೆಳೆಯ ದ್ರುಪದನಿಂದ ಅವಮಾನಿತನಾಗಿ, ಬಡತನದಿಂದ ನೊಂದು ಬಂದವನು. ಶಿಷ್ಯರನ್ನು ಸ್ವೀಕರಿಸಿದೊಡನೆ ಅವನು ಕೇಳಿದ್ದೇನು? ತನ್ನ ಮನಸ್ಸಿನಲ್ಲೊಂದು ಕಾರ್ಯವಿದೆ, ವಿದ್ಯೆ ಮುಗಿದ ಮೇಲೆ ಅದನ್ನು ನೆರವೇರಿಸಿಕೊಡಬೇಕೆಂಬ ಮಾತು. ಇತರರು ಸುಮ್ಮನಿದ್ದರು; ಅರ್ಜುನನೊಬ್ಬನು ಒಪ್ಪಿದನು. ಆ ಕಾರ್ಯವು ದ್ರುಪದನನ್ನು ಸೆರೆಹಿಡಿದು ತರುವುದೇ ಆಗಿತ್ತೆಂಬುದು ಗುರುದಕ್ಷಿಣೆಯ ಸಮಯದಲ್ಲಿ ತಿಳಿಯುತ್ತದೆ. ಅಂದರೆ ಗುರುವಿನ ಸ್ವಂತ ಗಾಯವು ಮೊದಲನೆಯ ಪಾಠದಲ್ಲಿಯೇ ಶಿಷ್ಯರ ಹೆಗಲೇರಿತು. ಏಕಲವ್ಯನ ಹೆಬ್ಬೆರಳಿನ ಪ್ರಸಂಗವೂ ಇದರಿಂದ ದೂರವಾದುದಲ್ಲ. ಒಬ್ಬ ಶಿಷ್ಯನನ್ನು ಅಪ್ರತಿಮನನ್ನಾಗಿ ಮಾಡುವೆನೆಂದು ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಇನ್ನೊಬ್ಬನ ವಿದ್ಯೆಯನ್ನು ಬಲಿಗೊಟ್ಟದ್ದಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅದೇ ರಾಜಕುಮಾರರಿಗೆ ಮೊದಲು ವಿದ್ಯೆ ಕಲಿಸುತ್ತಿದ್ದ ಕೃಪನು ದ್ರೋಣನ ಹೆಂಡತಿಯ ಸಹೋದರ. ದ್ರೋಣನು ಬಂದು ತಂಗಿದ್ದುದೂ ಅವನ ಮನೆಯಲ್ಲಿಯೇ. ಅನುಭವಿಯಾದ ಅಧ್ಯಾಪಕನೊಬ್ಬನು ಇಷ್ಟು ಹತ್ತಿರವಿದ್ದರೂ ಅವನು ದ್ರೋಣನನ್ನು ಕೂರಿಸಿಕೊಂಡು, ಹುಡುಗರೆದುರಿಗೆ ನಿನ್ನ ಹಗೆಯನ್ನು ತರಬೇಡವೆಂದು ಬುದ್ಧಿ ಹೇಳಿದ ಪ್ರಸಂಗವು ಪ್ರಸಿದ್ಧ ಕಥೆಯಲ್ಲಿ ಕಾಣುವುದಿಲ್ಲ. ಭೀಷ್ಮನು ವಿದ್ಯೆಯನ್ನು ನೋಡಿ ನೇಮಿಸಿದನು. ಮುಂದಿನದನ್ನು ಯಾರೂ ವಿಚಾರಿಸಲಿಲ್ಲ. ನಮ್ಮ ಅನೇಕ ವಿದ್ಯಾಸಂಸ್ಥೆಗಳು ಇಂದಿಗೂ ಇದೇ ಕ್ರಮದಲ್ಲಿ ನೇಮಕ ಮಾಡುತ್ತವೆ.

ಇದಕ್ಕೆ ಪ್ರತಿಯಾಗಿ ನಮ್ಮ ಕಾಲದ ಒಂದು ನಿದರ್ಶನವನ್ನು ಕೊಡಬಹುದು. ಬೆಂಗಳೂರಿನ ರಾಹುಲ್ ದ್ರಾವಿಡರು 2012ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ನಿವೃತ್ತರಾದಾಗ ಅವರ ಆಟದ ಕೀರ್ತಿ ದೊಡ್ಡದು, ತರಬೇತಿಯ ಅನುಭವವಿಲ್ಲ. ಯಾವ ಕೆಲಸಕ್ಕೂ ಕೂಡಲೇ ಕಟ್ಟುಬೀಳದೆ, ಕೆಲವು ವರ್ಷ ಬೇರೆಬೇರೆ ಕೆಲಸಗಳನ್ನು ಮಾಡಿ ನೋಡುವಂತೆ ಕಪಿಲ್ ದೇವ್ ಅವರು ತಮಗೆ ಸಲಹೆ ಕೊಟ್ಟರೆಂದು ದ್ರಾವಿಡರೇ ಹೇಳಿಕೊಂಡಿದ್ದಾರೆ. ಹಿರಿಯರ ಮಾತು ವ್ಯರ್ಥವಾಗಲಿಲ್ಲ. 2015ರಲ್ಲಿ ಅವರು ಕೈಗೆತ್ತಿಕೊಂಡದ್ದು ಭಾರತ 'ಎ' ತಂಡವನ್ನೂ 19 ವರ್ಷದೊಳಗಿನವರ ತಂಡವನ್ನೂ. ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರಾದುದು 2021ರ ನವೆಂಬರಿನಲ್ಲಿ.

'ಎ' ತಂಡದೊಡನೆ ಪ್ರವಾಸ ಬಂದ ಪ್ರತಿಯೊಬ್ಬ ಆಟಗಾರನಿಗೂ ಒಂದು ಪಂದ್ಯವಾದರೂ ಆಡಲು ಸಿಕ್ಕೇ ಸಿಗುವುದೆಂದು ಅವರು ಮೊದಲೇ ಭರವಸೆ ಕೊಡುತ್ತಿದ್ದರು. ಕಾರಣವನ್ನೂ ಅವರೇ ತಿಳಿಸಿದ್ದಾರೆ: ಎಳೆಯ ವಯಸ್ಸಿನಲ್ಲಿ ತಾವು ಅಂಥದೇ ಪ್ರವಾಸಕ್ಕೆ ಹೋಗಿ ಆಡಲು ಅವಕಾಶವಿಲ್ಲದೆ ಮರಳಿದ ನೋವು ಅವರಲ್ಲಿ ಉಳಿದಿತ್ತು. ದ್ರೋಣನಿಗೂ ನೋವಿತ್ತು, ಇವರಿಗೂ ನೋವಿತ್ತು. ದ್ರೋಣನು ಅದನ್ನು ಶಿಷ್ಯರಿಂದ ತೀರಿಸಿಕೊಂಡನು. ಇವರು ಅದು ತಮ್ಮ ಶಿಷ್ಯರಿಗೆ ಬಾರದಂತೆ ನಿಯಮ ಮಾಡಿದರು. ಎಳೆಯರ ತಂಡವು 2018ರ ವಿಶ್ವಕಪ್ಪನ್ನು ಗೆದ್ದಾಗ ಕ್ರಿಕೆಟ್ ಮಂಡಳಿಯು ದ್ರಾವಿಡರಿಗೆ 50 ಲಕ್ಷ ರೂಪಾಯಿಗಳನ್ನೂ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ಈ ಅಂತರವನ್ನು ಅವರು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. ಗೆಲುವನ್ನು ಹಂಚಿಕೊಳ್ಳುವುದು ಹೇಗೆಂಬ ಪಾಠವನ್ನು ಆ ಹುಡುಗರು ಭಾಷಣವಿಲ್ಲದೆ ಕಲಿತಿರಬೇಕು.

ನಿಷ್ಠುರತೆಯಿಲ್ಲದೆ ಪದಕ ಬರುವುದಿಲ್ಲ, ಅರ್ಜುನನನ್ನು ರೂಪಿಸಿದವನು ದ್ರೋಣನೇ ಅಲ್ಲವೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಅದರಲ್ಲಿ ಸತ್ಯಾಂಶವಿದೆ. ಶಿಸ್ತು ಬೇಡವೆಂದು ನಮ್ಮ ವಾದವಲ್ಲ. ನಿಷ್ಠುರತೆಯು ಶಿಷ್ಯನ ಏಳಿಗೆಗಾಗಿಯೋ ಗುರುವಿನ ಅಸಮಾಧಾನ ಕಳೆಯಲೋ ಎಂಬುದನ್ನು ವಿವೇಚಿಸಬೇಕು. ಹೊಸಬನು ಈ ವಿವೇಚನೆಯನ್ನು ಒಬ್ಬನೇ ಮಾಡಿಕೊಳ್ಳುವುದು ಕಷ್ಟ. ತನ್ನ ಧ್ವನಿ ಎಷ್ಟು ಏರಿತೆಂಬುದು ಕೂಗಿದವನಿಗಿಂತ ಪಕ್ಕದಲ್ಲಿದ್ದವನಿಗೆ ಚೆನ್ನಾಗಿ ತಿಳಿಯುತ್ತದೆ. ಆದುದರಿಂದಲೇ ಹಿರಿಯನ ಒಡನಾಟ ಅವಶ್ಯಕ.

ಎಲ್ಲ ಹಿರಿಯರೂ ಒಳ್ಳೆಯ ಮಾರ್ಗದರ್ಶಕರಲ್ಲವೆಂಬುದೂ ನಿಜ. ತಾವು ತಿಂದ ಪೆಟ್ಟನ್ನೇ ಪರಂಪರೆಯೆಂದು ಮುಂದಿನವರಿಗೆ ಒಪ್ಪಿಸುವವರು ಉಂಟು. ಹಿರಿಯನು ವಾರಕ್ಕೊಮ್ಮೆ ಹೊಸಬನ ಅಭ್ಯಾಸದ ವೇಳೆಯಲ್ಲಿ ಸುಮ್ಮನೆ ಕುಳಿತು ನೋಡಲಿ. ಹುಡುಗರೆದುರಿಗೆ ಏನನ್ನೂ ಹೇಳದಿರಲಿ. ಹೊಸಬನು ಆ ದಿನ ಯಾರಿಗೆ ಏನೆಂದನೆಂಬುದನ್ನು ಬರೆದಿಡಲಿ. ಬಳಿಕ ಇಬ್ಬರೇ ಕುಳಿತು ಅದನ್ನು ಓದಲಿ. ಎರಡು ವರ್ಷ ಹೀಗೆ ನಡೆದರೆ ಸಾಕು. ಇದಕ್ಕೆ ಹಣ ಬೇಕಿಲ್ಲ.

ಪ್ರಶಸ್ತಿಯ ಹೆಸರನ್ನು ಬದಲಿಸಬೇಕೆಂದು ನಾವು ಹೇಳಹೊರಟಿಲ್ಲ. ದ್ರೋಣನ ಹೆಸರನ್ನು ಉಚ್ಚರಿಸುವಾಗ ಅವನ ಕಥೆಯ ಪೂರ್ಣಪಾಠವನ್ನು ನೆನೆಯಬೇಕೆಂಬುದಷ್ಟೇ ನಮ್ಮ ವಿನಂತಿ. ಚರಿತ್ರೆಯ ವಿದ್ಯಾರ್ಥಿಗಳು ದಾಖಲೆಯಲ್ಲಿ ಇರುವುದರ ಜೊತೆಗೆ ಇಲ್ಲದುದನ್ನೂ ಕೇಳುವುದನ್ನು ಅಭ್ಯಾಸ ಮಾಡಿಕೊಂಡವರು. ನಾವು ಬರೆದ ಆ ವಾರ್ಷಿಕ ವರದಿಯಲ್ಲಿ ಬಹುಮಾನಗಳ ಪಟ್ಟಿಯಿದೆ. ಮೈದಾನಕ್ಕೆ ಮರಳದ ಆ ಹುಡುಗಿಯ ಹೆಸರು ಅದರಲ್ಲಿಲ್ಲ. ಆ ತರುಣ ತರಬೇತುದಾರನಿಗೆ ಯಾರಾದರೂ ಒಂದು ಮಾತು ಹೇಳಿದರೇ ಎಂಬುದೂ ಇಲ್ಲ. ಮುಂದಿನ ವರದಿಗಳನ್ನು ಬರೆಯುವ ಅಧ್ಯಾಪಕ ಮಿತ್ರರು ಈ ಲೋಪವನ್ನು ತುಂಬುವರೆಂದು ಆಶಿಸುತ್ತೇವೆ.