ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಅಂಕಗಳ ತೂಕ

ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲುಮಾರ್ಗದಲ್ಲಿರುವ ಶಿವನಿಯಂತಹ ಊರುಗಳಿಂದ ಬೀರೂರು, ಕಡೂರು, ತರೀಕೆರೆಗಳ ಕಾಲೇಜುಗಳಿಗೆ ದಿನವೂ ಹೋಗಿಬಂದು ಓದತಕ್ಕ ವಿದ್ಯಾರ್ಥಿಗೆ, ಷಣ್ಮಾಸದ ಕೊನೆಯಲ್ಲಿ ಕೈಸೇರುವ ಅಂಕಪಟ್ಟಿಯು ತನ್ನ ಶ್ರಮದ ಯಥಾರ್ಥ ಪ್ರತಿಬಿಂಬವೆಂದು ತೋರುವುದು ಸಹಜ. ಅನ್ಯಶಾಸ್ತ್ರಗಳ ಅಧ್ಯಾಪಕರು ಈ ನಂಬಿಕೆಯನ್ನು ಪ್ರಶ್ನಿಸದೆ ಬಿಟ್ಟರೆ ಕ್ಷಮ್ಯವೆನ್ನಬಹುದು. ಆದರೆ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನೇ ಬೋಧಿಸುವ ಸಂಖ್ಯಾಶಾಸ್ತ್ರದ ತರಗತಿಯಲ್ಲಿಯೂ, ಆ ಶಾಸ್ತ್ರದ ಮೊದಲ ಪಾಠಗಳನ್ನೇ ಬದಿಗಿರಿಸಿ ಅಂತಿಮ ದರ್ಜೆಯನ್ನು ಗಣಿಸುವ ಪದ್ಧತಿಯು ಅವಶ್ಯವಾಗಿ ವಿಮರ್ಶಾರ್ಹವಾದದ್ದು.

ಪದ್ಧತಿಯು ಮೇಲುನೋಟಕ್ಕೆ ಸರಳವಾಗಿದೆ. 1987ರಲ್ಲಿ ಸ್ಥಾಪಿತವಾಗಿ ಶಂಕರಘಟ್ಟದಲ್ಲಿ ನೆಲೆಗೊಂಡಿರುವ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಈ ಸೀಮೆಯ ಪದವಿ ಕಾಲೇಜುಗಳು ಸೇರುತ್ತವೆ. 2021-22ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಕ್ರಮದಲ್ಲಿ ಲಿಖಿತ ಪರೀಕ್ಷೆಗೆ 60, ಆಂತರಿಕ ಮೌಲ್ಯಮಾಪನಕ್ಕೆ 40 ಎಂದಿದ್ದ ಹಂಚಿಕೆಯು, 2024-25ರಲ್ಲಿ ಮೂರು ವರ್ಷದ ಪದವಿ ಮರಳಿದಾಗ 80 ಮತ್ತು 20 ಎಂದಾಯಿತು. ಹೀಗೆ ಕೂಡಿ ಬಂದ ಮೊತ್ತವನ್ನು ದರ್ಜೆಯಾಗಿಯೂ ದರ್ಜೆಯನ್ನು ಹತ್ತರ ಮಾಪಕದ ಅಂಕವಾಗಿಯೂ ಪರಿವರ್ತಿಸಿ, ಪ್ರತಿಯೊಂದು ಪತ್ರಿಕೆಯ ದರ್ಜೆಯಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಬರುವುದೇ ಆ ಸೆಮಿಸ್ಟರಿನ ಸರಾಸರಿ.

ಹಂಚಿಕೆಯು 60-40 ಆಗಿರಬೇಕೋ 80-20 ಆಗಿರಬೇಕೋ ಎಂಬ ವಾದಗಳಲ್ಲಿ ಮರೆತುಹೋಗುವ ಸಂಗತಿಯೊಂದಿದೆ: ಒಂದು ಭಾಗವು ವಿದ್ಯಾರ್ಥಿಗಳ ತಾರತಮ್ಯವನ್ನು ಎಷ್ಟು ನಿರ್ಣಯಿಸುತ್ತದೆಂಬುದು ಅದಕ್ಕೆ ಗೊತ್ತುಪಡಿಸಿದ ಗರಿಷ್ಠಾಂಕವನ್ನಲ್ಲ, ಅದರ ಅಂಕಗಳ ಚದುರುವಿಕೆಯನ್ನು ಅವಲಂಬಿಸಿದೆ. ಲಿಖಿತ ಪರೀಕ್ಷೆಯ ಮಾನಕ ವಿಚಲನೆ 15 ಎಂದೂ, ಎಲ್ಲರಿಗೂ ಹದಿನೆಂಟು ಇಪ್ಪತ್ತರ ಆಸುಪಾಸಿನಲ್ಲಿ ಉದಾರವಾಗಿ ಕೊಟ್ಟ ಆಂತರಿಕ ಅಂಕಗಳ ಮಾನಕ ವಿಚಲನೆ 1 ಎಂದೂ ಕಲ್ಪಿಸಿಕೊಳ್ಳೋಣ. ಎರಡಕ್ಕೂ ಪರಸ್ಪರ ಸಂಬಂಧವಿಲ್ಲದಿದ್ದರೆ ಮೊತ್ತದ ವಿಚಲನೆಯ ವರ್ಗವು 225ಕ್ಕೆ 1 ಸೇರಿ 226 ಆಗುತ್ತದೆ. ಅಂದರೆ ನಿಯಮಪುಸ್ತಕದಲ್ಲಿ ಐದನೆಯ ಒಂದು ಪಾಲೆಂದು ಬರೆದಿರುವ ಆಂತರಿಕ ಮೌಲ್ಯಮಾಪನವು ವಾಸ್ತವದಲ್ಲಿ ಶೇಕಡ ಅರ್ಧದಷ್ಟು ವ್ಯತ್ಯಾಸಕ್ಕೂ ಕಾರಣವಾಗುವುದಿಲ್ಲ. ಎಲ್ಲರನ್ನೂ ಸಮನಾಗಿ ಮೇಲಕ್ಕೆತ್ತುವ ಈ ಔದಾರ್ಯವು, ಆರು ತಿಂಗಳು ಶ್ರದ್ಧೆಯಿಂದ ಲೆಕ್ಕಮಾಡಿದವನನ್ನೂ ಮಾಡದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ನಿರ್ಣಯವನ್ನೆಲ್ಲ ಪರೀಕ್ಷೆಯ ಕೆಲವು ಗಂಟೆಗಳಿಗೇ ಒಪ್ಪಿಸಿಬಿಡುತ್ತದೆ.

ದರ್ಜೆಯ ವಿಷಯದಲ್ಲಿ ದೋಷವು ಇನ್ನೂ ಸ್ಪಷ್ಟ. ಎಲ್ಲೆಗಳು 60ಕ್ಕೂ 70ಕ್ಕೂ ಬಿದ್ದಿದ್ದರೆ, 59 ಮತ್ತು 60ರ ನಡುವೆ ಕಂದಕವೂ 60 ಮತ್ತು 69ರ ನಡುವೆ ಸಮಾನತೆಯೂ ಹುಟ್ಟಿಕೊಳ್ಳುತ್ತವೆ. ಮಾಹಿತಿಯನ್ನು ಹೀಗೆ ಕೈಯಾರೆ ಕಳೆದುಕೊಂಡ ಮೇಲೆ, ಉಳಿದ ಅಂಕಿಯ ಸರಾಸರಿಯನ್ನು ಎರಡು ದಶಮಾಂಶಗಳವರೆಗೆ ತೆಗೆಯಲಾಗುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿದ ಅಡಕೆಗೆ ಮಂಡಿಯವನು ಒಂದೊಂದಕ್ಕೂ ಬೇರೆ ಬೇರೆ ಧಾರಣೆ ಕಟ್ಟುವನೇ ಹೊರತು, ದರ್ಜೆಗಳಿಗೆ ಕ್ರಮಸಂಖ್ಯೆ ಕೊಟ್ಟು ಅವುಗಳ ಸರಾಸರಿಯನ್ನು ಬೆಲೆಯೆಂದು ಸಾರುವುದಿಲ್ಲ. ಪರೀಕ್ಷಕರ ಭಿನ್ನಾಭಿಪ್ರಾಯವನ್ನು ವೀಕ್ಷಣದೋಷವೆಂದು ಪರಿಗಣಿಸಿ ಎಡ್ಜ್‌ವರ್ತ್ ಎಂಬ ಸಂಖ್ಯಾಶಾಸ್ತ್ರಜ್ಞನು ಪರೀಕ್ಷೆಗಳನ್ನು ಕುರಿತು ಪ್ರಬಂಧ ಬರೆದದ್ದು 1888ರಲ್ಲಿ. ಅಲ್ಲಿಂದೀಚೆಗೆ ಎಲ್ಲೆಯ ಆಚೀಚೆಗಿರುವ ಒಂದು ಅಂಕಕ್ಕೆ ಅಷ್ಟೊಂದು ಅರ್ಥವನ್ನು ಆರೋಪಿಸುವುದಕ್ಕೆ ಅಜ್ಞಾನದ ನೆಪವೂ ಉಳಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾರ್ಗಸೂಚಿಯು ತರಗತಿಯ ಇತರರೊಡನೆ ಹೋಲಿಸಿ ಕೊಡುವ ಸಾಪೇಕ್ಷ ದರ್ಜೆಗೂ ಅವಕಾಶವಿತ್ತಿದೆಯಾದರೂ, ಹತ್ತು ಹನ್ನೆರಡು ಮಂದಿ ಮಾತ್ರವಿರುವ ತರಗತಿಗೆ ಗಂಟೆಯಾಕಾರದ ರೇಖೆಯನ್ನು ಹೊಂದಿಸುವುದು ರೋಗಕ್ಕಿಂತ ಕೆಟ್ಟ ಚಿಕಿತ್ಸೆಯೇ ಆದೀತು.

ಹಾಗೆಂದು ಆಂತರಿಕ ಮೌಲ್ಯಮಾಪನವನ್ನು ತೊಡೆದುಹಾಕಬೇಕೆಂದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ರಾಸುಗಳ ತೂಕವನ್ನೋ ಶಿವನಿಯ ಸುತ್ತಲಿನ ಹೊಲಗಳ ರಾಗಿಯ ಇಳುವರಿಯನ್ನೋ ಆಯ್ದ ಮಾದರಿಯಿಂದ ಅಂದಾಜುಮಾಡಿ, ಅಂದಾಜಿನ ದೋಷವೆಷ್ಟೆಂಬುದನ್ನೂ ಹೇಳಬಲ್ಲ ವಿದ್ಯಾರ್ಥಿಯ ಸಾಮರ್ಥ್ಯವು ಸೂತ್ರ ಬರೆಯುವ ಪ್ರಶ್ನೆಪತ್ರಿಕೆಗೆ ಸುಲಭವಾಗಿ ಸಿಕ್ಕತಕ್ಕದ್ದಲ್ಲ. ಅದನ್ನು ಕಂಡು ಬೆಲೆಕಟ್ಟಬಲ್ಲವನು ಎದುರಿಗಿರುವ ಅಧ್ಯಾಪಕನೊಬ್ಬನೇ. ಆತನ ಅಂಕಕ್ಕೆ ತೂಕ ಬರಬೇಕಾದರೆ ಆತನು ನಿಷ್ಪಕ್ಷಪಾತವಾಗಿ ಹೆಚ್ಚು ಕಡಿಮೆ ಕೊಡುವ ಧೈರ್ಯಮಾಡಬೇಕು, ಹಾಗೆ ಕೊಟ್ಟದ್ದಕ್ಕೆ ಕಾರಣವನ್ನು ವಿದ್ಯಾರ್ಥಿಗೆ ತೋರಿಸಬೇಕು. ಇನ್ನು ವಿಶ್ವವಿದ್ಯಾಲಯವು ಮಾಡಬಹುದಾದದ್ದು ಅಲ್ಪವೇ: ಪ್ರತಿಯೊಂದು ಪತ್ರಿಕೆಯ ಎರಡು ಭಾಗಗಳ ಪಕ್ಕದಲ್ಲಿಯೂ ಇಡೀ ತರಗತಿಯ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಅಂಕಪಟ್ಟಿಯಲ್ಲಿ ಅಚ್ಚುಮಾಡಿಸುವುದು. ಅದನ್ನು ಓದಲು ಬೇಕಾದ ವಿದ್ಯೆ ಆ ತರಗತಿಯ ವಿದ್ಯಾರ್ಥಿಗೆ ಆಗಲೇ ಬಂದಿದೆ. ಆ ಎರಡು ಸಂಖ್ಯೆಗಳು ಕಾಣಿಸುವವರೆಗೂ 80-20 ಎಂಬುದು ಅಂಕಗಳನ್ನು ಕೂಡುವ ಕ್ರಮವನ್ನು ಹೇಳುತ್ತದೆಯೇ ಹೊರತು, ಯೋಗ್ಯತೆಯನ್ನು ಅಳೆದ ಕ್ರಮವನ್ನಲ್ಲ.