ಪಾತ್ರೆ ಹಿಗ್ಗಿಸದೆ ಉತ್ಪಾದನೆ ಹಿಗ್ಗಿಸಿದವರು

ರಾಸಾಯನಿಕಗಳು ಹರಿಯುತ್ತಿರುವಾಗಲೇ ಕ್ರಿಯೆ ನಡೆಸುವ ಸತತ ಹರಿವಿನ ರಿಯಾಕ್ಟರುಗಳ ಬಗ್ಗೆ ಬಂದ ಬರಹಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಎಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಪ್ರೆಕ್ಸಾಸರ್ಟಿಬ್ ಎಂಬ ಕ್ಯಾನ್ಸರ್ ಔಷಧಕ್ಕಾಗಿ ಅವರು ಭಾರೀ ರಿಯಾಕ್ಟರುಗಳನ್ನು ಹೂಡಲಿಲ್ಲ. ಪ್ರಯೋಗಾಲಯದಲ್ಲಿ ವಿಷಗಾಳಿ ಹೊರಹಾಕುವ ಫ್ಯೂಮ್ ಹುಡ್‌ಗಳೊಳಗೇ ಎಂಟು ಘಟ್ಟಗಳನ್ನು ಸತತವಾಗಿ ನಡೆಸಿ, ದಿನಕ್ಕೆ ಸುಮಾರು 3 ಕಿಲೋದಂತೆ, ಕ್ಲಿನಿಕಲ್ ಪರೀಕ್ಷೆಗೆ ಯೋಗ್ಯವಾದ 24 ಕಿಲೋ ಔಷಧ ತಯಾರಿಸಿದರು.

ಇದರ ಬೆಲೆ ತಿಳಿಯಬೇಕಾದರೆ ಇಡೀ ಸರಕನ್ನು ಒಂದೇ ಪಾತ್ರೆಗೆ ತುಂಬಿ ಕ್ರಿಯೆ ನಡೆಸುವ ಬ್ಯಾಚ್ ಪದ್ಧತಿಯ ತೊಡಕು ತಿಳಿದಿರಬೇಕು. ಒಂದು ಲೀಟರಿನ ಪಾತ್ರೆಯನ್ನು ಅದೇ ಆಕಾರದಲ್ಲಿ ಸಾವಿರ ಲೀಟರಿಗೆ ಹಿಗ್ಗಿಸಿದರೆ, ಶಾಖ ಹೊರಬಿಡಲು ಪ್ರತಿ ಲೀಟರಿಗೆ ಸಿಗುವ ಗೋಡೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಪ್ರತಿ ಲೀಟರಿನಲ್ಲಿ ಹುಟ್ಟುವ ಶಾಖ ಮಾತ್ರ ಅಷ್ಟೇ ಇರುತ್ತದೆ. 2007ರ ಡಿಸೆಂಬರಿನಲ್ಲಿ ಫ್ಲಾರಿಡಾದ ಟಿ2 ಲ್ಯಾಬೊರೇಟರೀಸ್‌ನಲ್ಲಿ 175ನೇ ಬ್ಯಾಚ್ ನಡೆಯುವಾಗ ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟು, ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ಅಲ್ಲಿ ಕಾದದ್ದು ಒಂದೇ ಪಾತ್ರೆಯಲ್ಲಿ ತುಂಬಿದ್ದ ಇಡೀ ಸರಕು.

ಲಿಲ್ಲಿ ತಂಡ ಬಳಸಿದ ಹೈಡ್ರಜೀನ್ ಕೂಡ ವಿಷಕಾರಿ, ಸಿಡಿಯಬಲ್ಲದ್ದು. ಆದರೆ ಅದು ಒತ್ತಡದಲ್ಲಿ ಕಾದದ್ದು ಕೊಳವೆಯೊಳಗೆ. ಯಾವ ಗಳಿಗೆಯಲ್ಲೂ ಬಿಸಿಯಲ್ಲಿರುವುದು ಕೊಳವೆ ಹಿಡಿದಷ್ಟೇ. ಹೆಚ್ಚು ಸರಕು ಬೇಕೆಂದರೆ ಪಂಪು ಇನ್ನಷ್ಟು ಹೊತ್ತು ಓಡಿದರಾಯಿತು. ಗಾತ್ರದ ಬದಲು ಸಮಯವನ್ನು ಹಿಗ್ಗಿಸಿದ್ದೇ ಈ ಕೆಲಸದ ದೊಡ್ಡ ಗುಣ.

ಅವರ ಇನ್ನೊಂದು ವಿವೇಕವೂ ಮೆಚ್ಚುವಂಥದ್ದು. ಹರಳು ಕಟ್ಟುವ ಘಟ್ಟದಲ್ಲಿ ಕಿರಿದಾದ ಕೊಳವೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಅವರು ಕೊಳವೆಗೆ ಅಂಟಿಕೊಳ್ಳದೆ, ಹರಳುಗಳನ್ನು ತೇಲಿಸಿಡುವ ಕಲಕು ಪಾತ್ರೆಗಳನ್ನು ಬಳಸಿ ಹರಿವನ್ನು ಉಳಿಸಿಕೊಂಡರು. ಸೂಕ್ಷ್ಮ ರಸಾಯನ ಮತ್ತು ಔಷಧೋದ್ಯಮದ ಅರ್ಧದಷ್ಟು ಕ್ರಿಯೆಗಳಿಗೆ ಹರಿವು ಅನುಕೂಲವಾದರೂ ಘನವಸ್ತುಗಳೇ ದೊಡ್ಡ ಅಡ್ಡಿ ಎಂದು ಲೋಂಜಾ ಕಂಪನಿಯ ಸಂಶೋಧಕರು 2005ರಲ್ಲೇ ಎಚ್ಚರಿಸಿದ್ದರು.

ಆದರೂ ಈ ಯಶಸ್ಸನ್ನು ಎಲ್ಲ ಕಡೆಗೂ ಎಳೆಯಬಾರದು. ಪ್ರೆಕ್ಸಾಸರ್ಟಿಬ್ ಕಡಿಮೆ ಪ್ರಮಾಣದಲ್ಲೇ ಪರಿಣಾಮ ಬೀರುವ ಔಷಧ. ದಿನಕ್ಕೆ 3 ಕಿಲೋ ಅದಕ್ಕೆ ಸಾಕು. ಟನ್‌ಗಟ್ಟಲೆ ಬೇಕಾದ ಪ್ಯಾರಾಸಿಟಮಾಲ್‌ನ ಲೆಕ್ಕವೇ ಬೇರೆ. ಸತತ ಹರಿವಿನಲ್ಲಿ ಒಂದು ಪಂಪು ನಿಂತರೂ ಇಡೀ ಸರಣಿ ತೊಂದರೆಗೆ ಸಿಲುಕುತ್ತದೆ. ಹರಿಯುವಾಗಲೇ ಗುಣಮಟ್ಟ ಅಳೆಯುವ ಉಪಕರಣ, ಅದನ್ನು ಬಲ್ಲ ಸಿಬ್ಬಂದಿ ಎರಡೂ ಬೇಕು. ಸಣ್ಣ ಕಾರ್ಖಾನೆಗಳಿಗೆ ಇದು ಸುಲಭದ ಮಾತಲ್ಲ.

ಸತತ ಉತ್ಪಾದನೆಗೆಂದೇ, ಔಷಧ ನಿಯಮಗಳನ್ನು ದೇಶದೇಶಗಳ ನಡುವೆ ಹೊಂದಿಸುವ ಮಂಡಳಿಯಾದ ಐಸಿಎಚ್‌ನ ಕ್ಯೂ13 ಮಾರ್ಗಸೂಚಿ 2022ರಲ್ಲಿ ಬಂದಿರುವುದರಿಂದ, ನಿಯಮ ಸ್ಪಷ್ಟವಿಲ್ಲ ಎಂಬ ಹಳೆಯ ನೆಪ ಈಗ ಉಳಿದಿಲ್ಲ. ಇಡೀ ಕಾರ್ಖಾನೆಯನ್ನು ಬದಲಿಸಬೇಕಿಲ್ಲ. ದೊಡ್ಡ ಪಾತ್ರೆಯಲ್ಲಿ ಜೀವಕ್ಕೆ ಅಪಾಯ ತರುವ ಘಟ್ಟ ಯಾವುದೋ, ಅದನ್ನು ಮೊದಲು ಕೊಳವೆಗೆ ತರಬೇಕು.